ಮ್ಯಾಗ್ನಿಫೈಯರ್ ಹಾಕಿದರೆ ತಲೆ ತಿರುಗುತ್ತದೆ, ಎಂತ ಮಾಡುವುದು?

ಪ್ರಶ್ನೆ (ಕದ್ರಿ, ಮಂಗಳೂರು):
ನನಗೆ ವಯಸ್ಸು 61. ಮನೆಯಲ್ಲೇ ಕೂತು ಹಳೆ ಯಕ್ಷಗಾನ ಪ್ರಸಂಗಗಳನ್ನು 'ನುಡಿ' ಎಂಬ ಕನ್ನಡ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತೇನೆ. ಬಲಗಣ್ಣಿನ ಪೊರೆ ತೆಗೆಸಿ ಆಗಿದೆ, ಎಡಗಣ್ಣಿನದು ಇನ್ನೂ ಉಂಟು. ನನಗೆ ಜಾಸ್ತಿ ಉಪದ್ರ ಕೊಡುವುದು ದ ಮತ್ತು ಧ. ಆ ಹೊಟ್ಟೆ ಸೀಳಿದ ಗೆರೆ ಕಾಣುವುದೇ ಇಲ್ಲ. ಮೊನ್ನೆ 'ದನ ಕಾಯುವ' ಅಂತ ಇರಬೇಕಾದಲ್ಲಿ 'ಧನ ಕಾಯುವ' ಅಂತ ಹೋಯಿತು. ಭಾಗವತರು ಫೋನ್ ಮಾಡಿ, "ಗೊಲ್ಲನನ್ನು ಬ್ಯಾಂಕಿನ ಕಾವಲಿಗೆ ಹಾಕಿದ್ದೀರಾ ಅಕ್ಕ?" ಅಂತ ಕೇಳಿದರು.

ರಿಪೇರಿಯ ಹುಡುಗ ರೆಸಲ್ಯೂಶನ್ ಇಳಿಸಿ ಕೊಟ್ಟ. ಅಕ್ಷರ ದೊಡ್ಡದಾಯಿತು, ಆದರೆ ನೀರಲ್ಲಿ ನೆನೆದ ಕಾಗದದ ಹಾಗೆ ಮಸುಕು. ಸ್ಕ್ರೀನ್ ದೊಡ್ಡದು ಮಾಡಿ ತೋರಿಸುವ ಮ್ಯಾಗ್ನಿಫೈಯರ್ ಹಾಕಲು ವಿಂಡೋಸ್ ಕೀ ಜೊತೆ ಪ್ಲಸ್ ಒತ್ತಿದರೆ ಇಡೀ ಸ್ಕ್ರೀನ್ ಮೌಸ್ ಹಿಂದೆ ಓಡುತ್ತದೆ. ಮಲ್ಪೆಯಲ್ಲಿ ದೋಣಿ ಹತ್ತಿದ ಹಾಗೆ ವಾಂತಿ ಬರುತ್ತದೆ. ನನ್ನದು ವಿಂಡೋಸ್ 11.

ಉತ್ತರ 1:
ಕಂಟ್ರೋಲ್ ಒತ್ತಿ ಮೌಸಿನ ಚಕ್ರ ತಿರುಗಿಸಿ, ಸಾಕಲ್ವಾ?

ಉತ್ತರ 2 (ಉಡುಪಿ):
ಅದರಲ್ಲಿ ಪುಟ ಮಾತ್ರ ದೊಡ್ಡದಾಗುತ್ತದೆ ಮಾರಾಯ್ರೆ, ಮೆನು ಹಾಗೇ ಇರುತ್ತದೆ.

ಅಕ್ಕ, ಮೊದಲು ಸೆಟಿಂಗ್ಸ್‌ನ ಡಿಸ್‌ಪ್ಲೇ ಪುಟಕ್ಕೆ ಹೋಗಿ ರೆಸಲ್ಯೂಶನ್ನನ್ನು 'ರೆಕಮೆಂಡೆಡ್' ಅಂತ ಬರೆದಿರುವುದಕ್ಕೇ ವಾಪಸ್ ಇಡಿ. ಅದನ್ನು ಇಳಿಸಿದ್ದೇ ಮಸುಕಿಗೆ ಕಾರಣ. ಅದೇ ಪುಟದಲ್ಲಿ ಎಲ್ಲವನ್ನೂ ದೊಡ್ಡದು ಮಾಡುವ ಸ್ಕೇಲ್ ಅಂತ ಉಂಟು, 125 ಅಥವಾ 150 ಶೇಕಡಾ ಮಾಡಿ. ಹಳೆ ಸಾಫ್ಟ್‌ವೇರ್ ಸರಿ ಕಾಣದಿದ್ದರೆ ಒಮ್ಮೆ ಸೈನ್ ಔಟ್ ಮಾಡಿ ಬನ್ನಿ. ಮೆನು ಅಕ್ಷರ ಇನ್ನೂ ಸಾಲದಿದ್ದರೆ ಆಕ್ಸೆಸಿಬಿಲಿಟಿಯಲ್ಲಿ ಟೆಕ್ಸ್ಟ್ ಸೈಜ್ ನೋಡಿ, 225ರ ತನಕ ಹೋಗುತ್ತದೆ.

ಇನ್ನು ದೋಣಿಯ ವಿಷಯ. ಮ್ಯಾಗ್ನಿಫೈಯರ್ ಹಾಕಿ ಕಂಟ್ರೋಲ್, ಆಲ್ಟ್, ಡಿ ಒಟ್ಟಿಗೆ ಒತ್ತಿ. ಮೇಲೆ ಒಂದು ಪಟ್ಟಿ ಮಾತ್ರ ದೊಡ್ಡದಾಗುತ್ತದೆ, ಕೆಳಗಿನದು ಅಲುಗಾಡುವುದಿಲ್ಲ. ಡಿ ಬದಲು ಎಲ್ ಒತ್ತಿದರೆ ಕೈಮಸೂರದ ಹಾಗೆ ಚೌಕಾಕಾರದ ಲೆನ್ಸ್ ಬರುತ್ತದೆ, ತಿದ್ದುವಾಗ ಒಳ್ಳೆಯದು. ಪ್ಲಸ್ ಒತ್ತಿದ ಒಂದೊಂದು ಸಲಕ್ಕೆ 100 ಶೇಕಡಾ ಹಾರುವುದನ್ನು ಮ್ಯಾಗ್ನಿಫೈಯರ್ ಸೆಟಿಂಗ್ಸ್‌ನಲ್ಲಿ 25ಕ್ಕೆ ಇಳಿಸಿ. ಸಾಕಾದಾಗ ವಿಂಡೋಸ್ ಕೀ ಮತ್ತು ಎಸ್ಕೇಪ್.

ಪ್ರಶ್ನೆ ಕೇಳಿದವರು:
ಸ್ಕೇಲ್ 150 ಇಟ್ಟೆ. ಅಬ್ಬ, ಎಷ್ಟು ಚೊಕ್ಕ ಕಾಣುತ್ತದೆ! ಪಟ್ಟಿಯೂ ಬಂತು. ಆದರೆ ಟೈಪ್ ಮಾಡುವಾಗ ಅದು ಮೌಸ್ ಇದ್ದಲ್ಲೇ ನಿಲ್ಲುತ್ತದೆ, ನಾನು ಬರೆಯುವ ಸಾಲಿಗೆ ಬರುವುದಿಲ್ಲ.

ಉತ್ತರ 2:
ಮ್ಯಾಗ್ನಿಫೈಯರ್ ಸೆಟಿಂಗ್ಸ್‌ನಲ್ಲಿ 'ಟೆಕ್ಸ್ಟ್ ಕರ್ಸರ್' ಎಂಬಲ್ಲಿ ಟಿಕ್ ಹಾಕಿ ಅಕ್ಕ. ವಿಂಡೋಸ್, ಕಂಟ್ರೋಲ್, ಎಂ ಒತ್ತಿದರೆ ನೇರ ಅಲ್ಲಿಗೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:
ಆಯಿತು! ಮೊದಲ ಪುಟದಲ್ಲೇ ಇನ್ನೂ ಮೂರು ಧ ಸಿಕ್ಕಿದವು. ಭಾಗವತರಿಗೆ ಹೇಳಬೇಡಿ.