ಪುಣೆ, ಮುಂಬಯಿ, ಗೋವಾದಲ್ಲಿ ಹವ್ಯಾಸಕ್ಕೆ ಗಾಳ ಹಾಕಲು ಲೈಸೆನ್ಸ್ ಬೇಕಾ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವನು, ಕೆಲಸಕ್ಕೆ ಅಂತ ಪುಣೆಗೆ ಬಂದು ಎರಡು ವರ್ಷ ಆಯಿತು. ಊರಿನ ಹೊಳೆಗೆ ಗಾಳ ಹಾಕುವಾಗ ಯಾರನ್ನೂ ಕೇಳಿದ್ದಿಲ್ಲ. ಹನ್ನೊಂದು ವರ್ಷದ ಮಗನಿಗೂ ಕಲಿಸೋಣ ಅಂತ ರಾಡ್, ರೀಲ್ ಎಲ್ಲ ತಂದೆ. ಹೋದ ಭಾನುವಾರ ಇಲ್ಲೇ ಹತ್ತಿರದ ಒಂದು ಅಣೆಕಟ್ಟಿನ ಹಿನ್ನೀರಿನಲ್ಲಿ ಕೂತು ಅರ್ಧ ಗಂಟೆಯೂ ಆಗಿರಲಿಲ್ಲ, ಇಬ್ಬರು ಬಂದು ಪರವಾನಗಿ ಎಲ್ಲಿ ಅಂತ ಜೋರು ಮಾಡಿ ಎಬ್ಬಿಸಿದರು. ಮಗ ಹೆದರಿಬಿಟ್ಟ. ದಾರಿಯುದ್ದಕ್ಕೂ "ಅಪ್ಪಾ, ನಾವು ಕದೀತಾ ಇದ್ವಾ?" ಅಂತ ಕೇಳುತ್ತಿದ್ದ. ಈ ಲೈಸೆನ್ಸ್ ಎಲ್ಲಿ ಸಿಗುತ್ತದೆ? ದೀಪಾವಳಿ ರಜೆಯಲ್ಲಿ ಮುಂಬಯಿಯಲ್ಲಿರುವ ಅಣ್ಣನ ಮನೆಗೆ ಹೋಗಿ, ಅಲ್ಲಿಂದ ಗೋವಾಕ್ಕೆ ಹೋಗುವುದಿದೆ. ಅಲ್ಲಿನ ನಿಯಮವನ್ನೂ ತಿಳಿದವರು ಹೇಳಿ.

ಚಿಂಚವಡದಿಂದ:

ಮೊದಲು ಮಗನಿಗೆ ಹೇಳಿ, ಅದು ಕಳ್ಳತನ ಅಲ್ಲ, ಗೊತ್ತಿಲ್ಲದೆ ಬೇರೆಯವರ ಗದ್ದೆಯ ಬದುವಿಗೆ ಕಾಲಿಟ್ಟ ಹಾಗೆ ಅಂತ. ನಾನು ಇಲ್ಲಿಗೆ ಬಂದ ಹೊಸದರಲ್ಲಿ ನನಗೂ ಹೀಗೇ ಆಗಿತ್ತು. ನಾನೂ ನಿಮ್ಮ ಹಾಗೆ ಲೈಸೆನ್ಸ್ ಎಲ್ಲಿ ಅಂತ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದೆ. ಒಂದು ಕಾರ್ಡ್ ಮಾಡಿಸಿಕೊಂಡರೆ ಎಲ್ಲಾ ಕೆರೆ, ಎಲ್ಲಾ ಹೊಳೆಗೂ ಆಯಿತು ಅನ್ನುವ ಪದ್ಧತಿ ಇಲ್ಲಿಲ್ಲ. ನೀವು ಕೇಳಬೇಕಾದದ್ದು ಈ ನೀರಿನ ಮೀನು ಯಾರ ವಶದಲ್ಲಿದೆ ಅಂತ.

ಮಹಾರಾಷ್ಟ್ರದಲ್ಲಿ ಹೆಚ್ಚಿನ ಅಣೆಕಟ್ಟುಗಳ ಮೀನಿನ ಹಕ್ಕನ್ನು ಮೀನುಗಾರಿಕೆ ಇಲಾಖೆ ಆ ಊರಿನ ಮೀನುಗಾರರ ಸಹಕಾರಿ ಸಂಘಕ್ಕೆ ಗುತ್ತಿಗೆ ಕೊಟ್ಟಿರುತ್ತದೆ. ಮರಾಠಿಯಲ್ಲಿ ಠೇಕಾ ಅನ್ನುತ್ತಾರೆ. ಸಂಘದವರು ಕೈಯಿಂದ ದುಡ್ಡು ಹಾಕಿ ಕಾಟ್ಲಾ, ರೋಹು, ಮೃಗಾಲ್ ಮರಿ ಬಿಟ್ಟಿರುತ್ತಾರೆ, ವರ್ಷದ ಅನ್ನ ಅದರಲ್ಲೇ ಬರಬೇಕು. ನಾವು ಭಾನುವಾರ ಕಾರಲ್ಲಿ ಹೋಗಿ ಐದು ಕಿಲೋ ಕಾಟ್ಲಾ ಎತ್ತಿಕೊಂಡು ಬಂದರೆ ಅವರಿಗೆ ಹೊಟ್ಟೆ ಉರಿಯುವುದಿಲ್ವಾ? ನಿಮ್ಮನ್ನು ಎಬ್ಬಿಸಿದವರು ಸಂಘದವರೇ ಇರಬಹುದು. ಮಗುವಿನ ಎದುರು ಗದರಿಸಿದ್ದು ತಪ್ಪು, ಆದರೆ ಕೇಳುವ ಹಕ್ಕು ಅವರಿಗಿದೆ.

ನಾನು ಈಗ ಮಾಡುವುದು ಇಷ್ಟೇ. ಹಿಂದಿನ ದಿನವೇ ಆ ಊರಿಗೆ ಹೋಗಿ ಚಹಾ ಅಂಗಡಿಯಲ್ಲಿ ಠೇಕಾ ಯಾರದು ಅಂತ ಕೇಳುತ್ತೇನೆ. ಸಂಘದ ಚೇರ್ಮನ್ ಮನೆ ತೋರಿಸುತ್ತಾರೆ. ಎಷ್ಟು ರಾಡ್, ಎಷ್ಟು ಹೊತ್ತು, ಮೀನು ಒಯ್ಯುತ್ತೀನಾ ಬಿಡುತ್ತೀನಾ ಅಂತ ಮೊದಲೇ ಹೇಳಿ, ಅವರು ಕೇಳಿದ ದುಡ್ಡು ಕೊಟ್ಟು ಪಾವತಿ ಕೇಳುತ್ತೇನೆ. ಪಾವತಿ ಅಂದರೆ ಇಲ್ಲಿ ರಸೀದಿ. ಅದಿಲ್ಲದೆ ದುಡ್ಡು ಕೊಡಬೇಡಿ. ದಡದಲ್ಲಿ ಬಂದು ನಾನೇ ಮಾಲೀಕ ಅನ್ನುವವರೂ ಇರುತ್ತಾರೆ.

ಸಂಘ ಒಪ್ಪಿದರೂ ಅಣೆಕಟ್ಟಿನ ಗೋಡೆ, ಗೇಟಿನ ಹತ್ತಿರ ಹೋಗುವ ಹಾಗಿಲ್ಲ. ಅದು ನೀರಾವರಿ ಇಲಾಖೆಯ ಜಾಗ. ಖಡಕವಾಸ್ಲಾದಲ್ಲಿ ಒಂದು ಬದಿಯ ದಡ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯದು, ಅತ್ತ ತಲೆ ಹಾಕಲೇಬೇಡಿ. ಮಳೆಗಾಲದಲ್ಲಿ ಜಿಲ್ಲಾಧಿಕಾರಿ ಅಣೆಕಟ್ಟು, ಜಲಪಾತಗಳ ಹತ್ತಿರ ಹೋಗಬಾರದು ಅಂತ ಆಗಾಗ ಆದೇಶ ಹೊರಡಿಸುತ್ತಾರೆ, ಹೊರಡುವ ಮುಂಚೆ ಪೇಪರ್ ನೋಡಿ.

ಮೀನಿನ ಬಗ್ಗೆ ಎರಡು ಮಾತು. ನಮ್ಮ ಜಿಲೇಬಿ ಮೀನಿಗೆ ಇಲ್ಲಿ ಚಿಲಾಪಿ ಅನ್ನುತ್ತಾರೆ, ಮಗ ಕಲಿಯಲು ಅದೇ ಸರಿ, ಎರೆಹುಳಕ್ಕೆ ಬೇಗ ಕಚ್ಚುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಪಾಪ ಅಂತ ವಾಪಸ್ ನೀರಿಗೆ ಬಿಡಬೇಡಿ. ಇಲ್ಲಿ ಅದನ್ನು ಥಾಯ್ ಮಾಂಗೂರ್ ಅಂತ ಕರೆಯುತ್ತಾರೆ. ನಮ್ಮ ದೇಶದಲ್ಲಿ ಅದರ ಸಾಕಣೆಗೇ ನಿಷೇಧ ಇದೆ. ಬೇರೆ ಮೀನಿನ ಮರಿಯನ್ನೆಲ್ಲ ತಿಂದು ಹಾಕುತ್ತದೆ.

ಮಹಶೀರ್ ಸಿಕ್ಕರೆ ಮಾತ್ರ ದಯವಿಟ್ಟು ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಗಾಳ ಬಿಡಿಸಿ, ಕಳುಹಿಸಿಕೊಡಿ. ಶೃಂಗೇರಿಯಲ್ಲಿ ಮೆಟ್ಟಿಲ ಮೇಲೆ ನಿಂತು ಮಂಡಕ್ಕಿ ಹಾಕುತ್ತೇವಲ್ಲ, ಅದೇ ಬಳಗ. ಈ ಕಡೆಯ ಮಹಶೀರ್‌ಗೆ ಟೋರ್ ಖುದ್ರೀ ಅಂತ ಹೆಸರು. 1839ರಲ್ಲಿ ಸೈಕ್ಸ್ ಅನ್ನುವವರು ಇದನ್ನು ಮೊದಲು ವರ್ಣಿಸಿದ್ದು ಇದೇ ಪುಣೆಯ ಮುಳಾ-ಮುಠಾ ಹೊಳೆಯ ಮೀನು ನೋಡಿ. ಈಗ ಆ ಹೊಳೆ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತೇವೆ, ನನಗೆ ಪ್ರತಿ ಸಲವೂ ಸಂಕಟ ಆಗುತ್ತದೆ. ಲೋಣಾವಳದ ವಾಳ್ವಣದಲ್ಲಿ ಟಾಟಾ ಪವರ್‌ನವರು ಈ ಮೀನಿನ ಮರಿ ಮಾಡಿಸಿ ದೇಶದ ಬೇರೆ ಬೇರೆ ಕಡೆಗೆ ಕೊಟ್ಟರು, ನಮ್ಮ ಕಾವೇರಿಗೂ ಇಲ್ಲಿಂದಲೇ ಹೋಯಿತು. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು. ಆದರೆ ಅಲ್ಲಿ ಅದು ಎಷ್ಟು ಚೆನ್ನಾಗಿ ಬೆಳೆಯಿತೆಂದರೆ, ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಮೂಲೆ ಸೇರಿತು. ಆ ಗೂನುಬೆನ್ನಿನ ಮೀನಿಗೆ ಟೋರ್ ರೆಮದೇವಿ ಅನ್ನುವ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅದಕ್ಕೇ ಹೇಳುವುದು, ಒಂದು ನೀರಿನ ಮೀನನ್ನು ಇನ್ನೊಂದು ನೀರಿಗೆ ಬಿಡಬೇಡಿ. ಮಗನ ಅಕ್ವೇರಿಯಂನದೂ ಬೇಡ.

ಮುಲುಂಡಿನಿಂದ:

ಚಿಂಚವಡದ ಅಣ್ಣ ಹೇಳಿದ್ದು ಮುಂಬಯಿಗೂ ಸರಿ. ಪವಾಯಿ ಕೆರೆಯಲ್ಲಿ ಗಾಳ ಹಾಕಬೇಕಾದರೆ ಮಹಾರಾಷ್ಟ್ರ ಸ್ಟೇಟ್ ಆಂಗ್ಲಿಂಗ್ ಅಸೋಸಿಯೇಷನ್ ಮೂಲಕ ಹೋಗಬೇಕು. ಕೆರೆಯ ಪಕ್ಕದಲ್ಲೇ ಅವರ ಜಾಗ ಇದೆ, ಶುಲ್ಕ ಎಷ್ಟು, ಹೊರಗಿನವರಿಗೆ ಆ ದಿನ ಅವಕಾಶ ಇದೆಯಾ ಅಂತ ಅಲ್ಲೇ ಹೋಗಿ ಕೇಳಿ. ಕೆರೆಯಲ್ಲಿ ಮೊಸಳೆ ಇದೆ, ಇದು ಸುಮ್ನೆ ಹೆದರಿಸಲು ಹೇಳುವ ಮಾತಲ್ಲ. ಮಗ ನೀರಿಗೆ ಕಾಲು ಇಳಿಬಿಟ್ಟು ಕೂರುವುದು ಬೇಡ.

ಪವಾಯಿ ಆಯಿತು ಅಂತ ವಿಹಾರ್, ತುಳಸಿ ಕೆರೆಗೆ ಹೋಗಬೇಡಿ. ಅವು ಊರಿಗೆ ಕುಡಿಯುವ ನೀರು ಕೊಡುವ ಕೆರೆಗಳು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ ಜಾಗ. ಠಾಣೆ ಖಾಡಿಯಲ್ಲೂ (ಕಡಲಿನಿಂದ ಒಳಕ್ಕೆ ಚಾಚಿದ ಉಪ್ಪುನೀರು) ಐರೋಲಿ ಸೇತುವೆಯಿಂದ ವಾಶಿ ಸೇತುವೆ ತನಕ 2015ರಿಂದ ಫ್ಲೆಮಿಂಗೊ ಅಭಯಾರಣ್ಯ ಇದೆ. ನನ್ನ ಗೆಳೆಯರೊಬ್ಬರು ಹಿಡಿದು ಬಿಟ್ಟುಬಿಟ್ಟರೆ ತಪ್ಪೇನು ಅಂತ ವಾದ ಮಾಡುತ್ತಿದ್ದರು. 1972ರ ವನ್ಯಜೀವಿ ಕಾಯ್ದೆಯಲ್ಲಿ ಬೇಟೆ ಅಂದರೆ ಕೊಲ್ಲುವುದು ಮಾತ್ರ ಅಲ್ಲ, ಹಿಡಿಯುವುದೂ ಬೇಟೆಯೇ, ಹಿಡಿಯಲು ಪ್ರಯತ್ನ ಮಾಡುವುದೂ ಬೇಟೆಯೇ. ಕಾವೇರಿಯ ಭೀಮೇಶ್ವರಿ ಕಡೆ ಹಿಡಿದು ಬಿಡುವ ಶಿಬಿರಗಳು ಎಷ್ಟು ಹೆಸರುವಾಸಿ ಆಗಿದ್ದವು, ಅಭಯಾರಣ್ಯದ ಒಳಗೆ ಅನ್ನುವ ಕಾರಣಕ್ಕೆ ಅಲ್ಲೂ ಗಾಳ ನಿಂತಿತು.

ಕಡಲ ದಡದಲ್ಲಿ, ಬಂಡೆ ಮೇಲೆ ನಿಂತು ರಾಡ್ ಬೀಸುವವರನ್ನು ಇಷ್ಟು ವರ್ಷದಲ್ಲಿ ಲೈಸೆನ್ಸ್ ಕೇಳಿದ್ದು ನಾನು ನೋಡಿಲ್ಲ. ಮಹಾರಾಷ್ಟ್ರದ 1981ರ ಕಡಲ ಮೀನುಗಾರಿಕೆ ಕಾಯ್ದೆ ಮುಖ್ಯವಾಗಿ ದೋಣಿಯ ಮೇಲೆ ನಿಂತಿದೆ. ದೋಣಿ ಬಾಡಿಗೆಗೆ ತಗೊಂಡರೆ ಮಾತ್ರ ಜಾಗ್ರತೆ. ಐಎನ್‌ಡಿ, ಎಂಎಚ್ ಅಂತ ಶುರುವಾಗುವ ನಂಬರ್ ದೋಣಿಯ ಮೇಲೆ ಬರೆದಿರಬೇಕು, ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಬೇಕು. ನೌಕಾಪಡೆಯ ಜಾಗ, ಬಂದರು, ಟ್ರಾಂಬೆ ಕಡೆಯ ಅಣುಶಕ್ತಿ ಕೇಂದ್ರದ ಹತ್ತಿರದ ನೀರು ಇವೆಲ್ಲ ದೂರದಿಂದಲೇ ನಮಸ್ಕಾರ ಮಾಡಿ ಬರುವಂಥವು. ಅಲ್ಲಿ ಕೇಳುವವರು ಮೀನುಗಾರಿಕೆ ಇಲಾಖೆಯವರಲ್ಲ, ಬಂದೂಕು ಹಿಡಿದವರು.

ಪಡುವಣ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಊರಲ್ಲಿ ನೀವೂ ನೋಡಿದ್ದೀರಿ. ಆ ಎರಡು ತಿಂಗಳು ದುಡ್ಡಿನಾಸೆಗೆ ಯಾರಾದರೂ ಕರೆದೊಯ್ಯುತ್ತೇನೆ ಅಂದರೂ ಹೋಗಬೇಡಿ. ಇಲ್ಲಿನ ಕೋಳಿ ಅನ್ನುವ ಮೀನುಗಾರ ಸಮುದಾಯದವರು ನಾರಳಿ ಪೂರ್ಣಿಮೆಗೆ, ಅಂದರೆ ಶ್ರಾವಣ ಹುಣ್ಣಿಮೆಗೆ, ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಆಮೇಲೆ ಇಳಿಯುತ್ತಾರೆ, ನಾನೂ ಅಲ್ಲಿಯ ತನಕ ರಾಡ್ ಮುಟ್ಟುವುದಿಲ್ಲ.

ಇನ್ನೊಂದು, 2023ರಲ್ಲಿ ಮಹಾರಾಷ್ಟ್ರ ಸರಕಾರ 54 ಜಾತಿಯ ಕಡಲ ಮೀನಿಗೆ ಕನಿಷ್ಠ ಅಳತೆ ಗೊತ್ತು ಮಾಡಿದೆ. ಬಿಳಿ ಮಾಂಜಿಗೆ (ಪಾಂಫ್ರೆಟ್) 135 ಮಿಲಿಮೀಟರ್. ಗಾಳಕ್ಕೆ ಮಾಂಜಿ ಬೀಳುವುದು ಅಪರೂಪ, ಆದರೂ ಪೆಟ್ಟಿಗೆಯಲ್ಲಿ ಒಂದು ಟೇಪ್ ಇಟ್ಟುಕೊಳ್ಳಿ. ಅಳೆದು ಬಿಡುವುದನ್ನು ಮಗ ಒಂದು ಸಲ ನೋಡಿದರೆ ಸಾಕು, ಮುಂದಿನ ಸಲ ಅವನೇ ಅಳೆಯುತ್ತಾನೆ.

ವಾಸ್ಕೊದಿಂದ:

ನಾನು ಅಂಕೋಲೆಯವಳು, ಮದುವೆಯಾಗಿ ಗೋವಾಕ್ಕೆ ಬಂದು ಹದಿನಾರು ವರ್ಷ. ಹೆಂಗಸರು ಗಾಳ ಹಾಕುತ್ತಾರಾ ಅಂತ ಕೇಳುವವರಿಗೆ ಈಗ ಉತ್ತರ ಕೊಡುವುದನ್ನೇ ಬಿಟ್ಟಿದ್ದೇನೆ.

ಇಲ್ಲಿ ಹೊರಗಿನವರು ಜಾಸ್ತಿ ಎಡವುವುದು ಮಾನಸ್ ಹತ್ತಿರ. ಗೋವಾದ ಖಾಜನ್ ಗದ್ದೆಗಳಿಗೆ ಉಪ್ಪುನೀರು ನುಗ್ಗದ ಹಾಗೆ ಕಟ್ಟಿದ ಬಾಗಿಲಿಗೆ ಮಾನಸ್ ಅನ್ನುತ್ತಾರೆ, ನಮ್ಮ ಕಡೆಯ ಗಜನಿ ಗದ್ದೆಯ ಬಾಗಿಲಿನ ಹಾಗೇ. ನೀರು ಏರಿ ಇಳಿಯುವಾಗ ಮೀನು, ಸೀಗಡಿ ಎಲ್ಲ ಅಲ್ಲೇ ಸೇರುತ್ತವೆ. ನೋಡಿದರೆ ಇಷ್ಟು ಒಳ್ಳೆಯ ಜಾಗ ಬೇರೆ ಇಲ್ಲ ಅನಿಸುತ್ತದೆ. ಆದರೆ ಅಲ್ಲಿನ ಮೀನಿನ ಹಕ್ಕು ಹರಾಜಿಗೆ ಹೋಗಿರುತ್ತದೆ, ಆ ದುಡ್ಡಿನಲ್ಲಿ ರೈತರ ಸಂಘ ಒಡ್ಡು ರಿಪೇರಿ ಮಾಡಿಸುತ್ತದೆ. ಹರಾಜು ಹಿಡಿದವರನ್ನು ಕೇಳದೆ ಅಲ್ಲಿ ಗಾಳ ಇಳಿಸಬೇಡಿ. ನಾನು ಮೊದಲ ವರ್ಷ ಗೊತ್ತಿಲ್ಲದೆ ಇಳಿಸಿ, ಒಬ್ಬ ಅಜ್ಜನ ಹತ್ತಿರ ಬೈಸಿಕೊಂಡೆ. ಕೈ ಮುಗಿದು ತಪ್ಪಾಯಿತು ಅಂದೆ. ಅವರೇ ಆಮೇಲೆ ಸ್ವಲ್ಪ ದೂರದಲ್ಲಿ ಯಾರೂ ಕೇಳದ ಜಾಗ ತೋರಿಸಿಕೊಟ್ಟರು. ಈಗಲೂ ಅಲ್ಲೇ ಹೋಗುತ್ತೇನೆ.

ಚೊರಾಂವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮದಲ್ಲಿ ದೋಣಿಯಲ್ಲಿ ಸುತ್ತಾಡಿ ಹಕ್ಕಿ ನೋಡಿ, ರಾಡ್ ಮಾತ್ರ ಮನೆಯಲ್ಲಿರಲಿ. ಬರುವಾಗ ದಾರಿಯಲ್ಲಿ ಮಾಲವಣದಲ್ಲಿ ಇಳಿಯುವ ಯೋಚನೆ ಇದ್ದರೆ, ಅಲ್ಲಿ 1987ರಿಂದ ಕಡಲ ಅಭಯಾರಣ್ಯ ಇದೆ, ಎಲ್ಲಿಂದ ಎಲ್ಲಿಗೆ ಅಂತ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ. ಮುರು ಮೀನಿನಲ್ಲಿ (ಗ್ರೂಪರ್) ದೈತ್ಯ ಜಾತಿಯದು, ಗರಗಸ ಮೀನು, ಕಡಲ ಕುದುರೆ ಇವೆಲ್ಲ ಕಾಯ್ದೆಯ ರಕ್ಷಣೆ ಇರುವಂಥವು. ಆಕಸ್ಮಿಕವಾಗಿ ಬಂದರೆ ಫೋಟೊಗೆ ಅಂತ ಮೇಲೆತ್ತಿ ನಿಲ್ಲದೆ ಆಗಲೇ ಬಿಟ್ಟುಬಿಡಿ.

ಮತ್ತೆ ನೈಲಾನ್ ದಾರ ತುಂಡಾದರೆ ಬಂಡೆ ಮೇಲೆ ಬಿಟ್ಟು ಬರಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಂಡದ್ದನ್ನು ಕತ್ತರಿಯಲ್ಲಿ ಬಿಡಿಸಿದ್ದೇನೆ, ಆ ನೋಟ ಮರೆಯಲಾಗುವುದಿಲ್ಲ.

ಪ್ರಶ್ನೆ ಕೇಳಿದವನೇ:

ಅಣ್ಣಾ, ಅಕ್ಕಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗನಿಗೆ ಓದಿ ಹೇಳಿದೆ. ಈ ಶನಿವಾರವೇ ಆ ಊರಿಗೆ ಹೋಗಿ ಸಂಘದವರನ್ನು ನೋಡುತ್ತೇನೆ. ಇವನೂ ಬರುತ್ತಾನಂತೆ, ತಾನೇ ಕೇಳುತ್ತಾನಂತೆ. ಮರಾಠಿಯಲ್ಲಿ ಹೇಗೆ ಕೇಳಬೇಕು, ಒಂದು ವಾಕ್ಯ ಬರೆದುಕೊಡಿ.

ಚಿಂಚವಡದಿಂದ:

"ಕಾಕಾ, ಇಥೆ ಠೇಕಾ ಕೋಣಾಚಾ ಆಹೆ? ಆಮ್ಹಿ ಗಳ ಟಾಕಲಾ ತರ್ ಚಾಲೇಲ್ ಕಾ?" ಅಂದರೆ ಇಲ್ಲಿ ಠೇಕಾ ಯಾರದು, ನಾವು ಗಾಳ ಹಾಕಿದರೆ ಆಗುತ್ತಾ ಅಂತ. ಇಷ್ಟು ಸಾಕು. ಮಗ ಕೇಳಿದರೆ ಇಲ್ಲ ಅನ್ನುವವರು ಕಡಿಮೆ. ಪಾವತಿ ಮರೆಯಬೇಡಿ.