ಸಹಾಯ ಬೇಕು: ಪತ್ರದಲ್ಲಿ ಇನ್‌ಕನ್ಸಿಡರೇಟ್ ಅಂತ ಬರೆಯಬಹುದಾ?

ನಮಸ್ಕಾರ, ಇಂಗ್ಲಿಷ್ ಚೆನ್ನಾಗಿ ಬಲ್ಲವರು ದಯವಿಟ್ಟು ಹೇಳಿ. ಮೇಲಿನ ಮನೆಯವರು ರಾತ್ರಿ 11 ಆದಮೇಲೂ ಜೋರಾಗಿ ಹಾಡು ಹಾಕುತ್ತಾರೆ, ಕುರ್ಚಿಗಳನ್ನು ದರದರ ಎಳೆಯುತ್ತಾರೆ, ಅಮ್ಮನಿಗೆ ನಿದ್ದೆಯೇ ಇಲ್ಲ. ಅವರಿಗೆ ಕನ್ನಡ ಬರುವುದಿಲ್ಲ, ಹಾಗಾಗಿ ಇಂಗ್ಲಿಷಿನಲ್ಲೇ ಚೀಟಿ ಬರೆಯಬೇಕು.

ರೂಡ್ ಅಂದರೆ ಬೈದ ಹಾಗೆ, ಪಾಪ ಎದುರು ಸಿಕ್ಕರೆ ನಗುತ್ತಾ ಮಾತಾಡುವ ಜನ ಅವರು. ಕೇರ್‌ಲೆಸ್ ಅಂದರೆ ಕೆಲಸದಲ್ಲಿ ಗಮನ ಇಲ್ಲ ಅಂತಾಗುತ್ತದೆ. ನಿಘಂಟು ತೆಗೆದಾಗ ಇನ್‌ಕನ್ಸಿಡರೇಟ್ ಸಿಕ್ಕಿತು. ಬೇರೆಯವರಿಗೆ ತೊಂದರೆಯಾದೀತು ಅಂತ ಯೋಚಿಸದೆ ನಡೆದುಕೊಳ್ಳುವುದು, ನನಗೆ ಬೇಕಾದದ್ದು ಇದೇ. ಇನ್‌ಕನ್ಸಿಡರಬಲ್ ಬೇರೆ, ಅದು ಅಲ್ಪ ಅನ್ನೋ ಅರ್ಥದ್ದು.

ಗೊಂದಲ ಇಲ್ಲಿದೆ. 'ಯು ಆರ್ ಇನ್‌ಕನ್ಸಿಡರೇಟ್' ಅಂದರೆ ಅವರ ಸ್ವಭಾವವೇ ಹಾಗೆ ಅಂದಂತೆ, ಅಲ್ವಾ? 'ಇಟ್ ಈಸ್ ಇನ್‌ಕನ್ಸಿಡರೇಟ್ ಟು ಪ್ಲೇ ಮ್ಯೂಸಿಕ್ ಸೋ ಲೇಟ್' ಅಂದರೆ ಆ ಕೆಲಸದ ಬಗ್ಗೆ ಮಾತ್ರ ಹೇಳಿದಂತೆ ಅನ್ನಿಸುತ್ತದೆ. ನಡುವೆ 'ಆಫ್ ಯು' ಸೇರಿಸಿದರೆ ಮತ್ತೆ ಅವರ ಮೇಲೇ ಬರುತ್ತದೆ. ಸುಮ್ನೆ ಜಗಳ ಬೇಡ, ಆದರೆ ವಿಷಯ ಮುಟ್ಟಬೇಕು. ಮೇಲಿನ ಮನೆಯವರಿಗೆ ಬರೆಯುವಾಗ ಈ ಮೂರರಲ್ಲಿ ಯಾವುದು ಸರಿ, ಅಥವಾ ಥಾಟ್‌ಲೆಸ್ ಇದಕ್ಕಿಂತ ಮೆದುವಾಗಿ ಕೇಳಿಸುತ್ತದಾ?