ಮ್ಯೂಸಿಯಂನಲ್ಲಿ ಎಡೆ ಇಟ್ಟರೆ ತಪ್ಪೇನು?

(ಮನೆಯವರ ವಾಟ್ಸಾಪ್ ಗುಂಪು, ಪಿತೃಪಕ್ಷದ ಕೊನೆಯ ವಾರ)

ವೀಣಾ: ನಾಲ್ಕು ಫೋಟೊ ಹಾಕಿದ್ದೇನೆ, ನೋಡಿ. ಚಿಕಾಗೊದ ಪಿಲ್ಸನ್ ಬಡಾವಣೆಯಲ್ಲಿ ಮೆಕ್ಸಿಕನ್ ಕಲೆಯ ರಾಷ್ಟ್ರೀಯ ಮ್ಯೂಸಿಯಂ ಇದೆ. ಮೆಕ್ಸಿಕೊದವರು ತೀರಿಕೊಂಡವರಿಗೆ ಎಡೆ ಇಡುವ ಹಬ್ಬ ‘ಸತ್ತವರ ದಿನ’. ಅಲ್ಲಿ 1987ರಿಂದ ಪ್ರತಿ ವರ್ಷ ಅದರ ಪ್ರದರ್ಶನ ಮಾಡುತ್ತಾರೆ. ಟಿಕೆಟ್ ಇಲ್ಲ.

ಶಿವಣ್ಣ ದೊಡ್ಡಪ್ಪ: ಬೆಳಗ್ಗೆ ಎದ್ದು ಮೊಬೈಲ್ ತೆಗೆದರೆ ತಲೆಬುರುಡೆ! ಪಕ್ಷದ ದಿನಗಳಲ್ಲಿ ಇಂಥದ್ದು ಹಾಕಬೇಡಮ್ಮ. ಸಾವು ಅಂದರೆ ಆಟದ ಸಾಮಾನಾ?

ವೀಣಾ: ಅದು ಸಕ್ಕರೆ ಬುರುಡೆ ದೊಡ್ಡಪ್ಪ. ನಮ್ಮ ಸಂಕ್ರಾಂತಿ ಸಕ್ಕರೆ ಅಚ್ಚಿನ ಹಾಗೆ ಅಚ್ಚಿನಲ್ಲಿ ಮಾಡೋದು. ಹಣೆಯ ಮೇಲೆ ಹೆಸರು ಬರೆಯುತ್ತಾರೆ. ಎರಡನೇ ಫೋಟೊ ದೊಡ್ಡದು ಮಾಡಿ ನೋಡಿ. ನಡುವೆ ಒಬ್ಬ ಅಜ್ಜನ ಫೋಟೊ, ಪಕ್ಕದಲ್ಲಿ ಅವರ ಟೋಪಿ, ಅಂಚು ಸವೆದಿದೆ. ಮುಂದೆ ಒಂದು ಲೋಟ ನೀರು. ದೂರದಿಂದ ಬಂದವರಿಗೆ ಬಾಯಾರಿಕೆ ಆಗಿರುತ್ತೆ ಅಂತ.

ಸರೋಜ ಚಿಕ್ಕಮ್ಮ: ನಾವೂ ಮಾವನವರ ಎಡೆಗೆ ಬೀಡಿ ಕಟ್ಟು ಇಡ್ತೀವಲ್ಲ ಭಾವ. ಅಂದಹಾಗೆ ವೀಣಾ, ಅದು ಚೆಂಡು ಹೂವಲ್ವಾ?

ವೀಣಾ: ಹೌದು ಚಿಕ್ಕಮ್ಮ. ಆ ಗಿಡದ ತವರೇ ಮೆಕ್ಸಿಕೊ. ನಮ್ಮ ದೇಶಕ್ಕೆ ಆಮೇಲೆ ಬಂದದ್ದು. ಅದರ ಬಣ್ಣ, ವಾಸನೆ ಹಿಡಿದು ಸತ್ತವರು ಮನೆಯ ದಾರಿ ಕಂಡುಕೊಳ್ಳುತ್ತಾರೆ ಅನ್ನೋದು ಅವರ ನಂಬಿಕೆ.

ಕಿರಣ: ವೀಣಕ್ಕ, ನನಗೆ ಬುರುಡೆ ತೊಂದರೆ ಅಲ್ಲ. ಇದೆಲ್ಲ ಶೋ ಆಗ್ತಿದೆ ಅನ್ನೋದು ಬೇಜಾರು. ಮೆಕ್ಸಿಕೊ ಸಿಟಿಯ ದೊಡ್ಡ ಮೆರವಣಿಗೆ ಶುರುವಾಗಿದ್ದೇ 2016ರಲ್ಲಿ, ಹಿಂದಿನ ವರ್ಷದ ಬಾಂಡ್ ಸಿನಿಮಾದಲ್ಲಿ ಅಂಥದ್ದನ್ನು ತೋರಿಸಿದ ಮೇಲೆ. 2013ರಲ್ಲಿ ಡಿಸ್ನಿ ಹಬ್ಬದ ಹೆಸರನ್ನೇ ಟ್ರೇಡ್‌ಮಾರ್ಕ್ ಮಾಡಿಸಲು ಹೊರಟಿತ್ತು. ಜನ ತಿರುಗಿಬಿದ್ದ ಮೇಲೆ ಕೈಬಿಟ್ಟಿತು.

ಶಿವಣ್ಣ ದೊಡ್ಡಪ್ಪ: ಕಿರಣ ಸರಿಯಾಗಿ ಹೇಳಿದ. ನಾವು ಎಡೆ ಇಟ್ಟು ಬಾಗಿಲು ಮುಂದೆ ಮಾಡಿ ಹೊರಗೆ ನಿಲ್ಲುತ್ತೇವೆ. ಹಿರಿಯರು ಉಣ್ಣುವಾಗ ಮನೆಯವರೂ ಇಣುಕಬಾರದು. ಅಲ್ಲಿ ಕಂಡಕಂಡವರು ಸೆಲ್ಫಿ ತೆಗೆದರೆ ಸತ್ತವರಿಗೆ ಏನು ಮರ್ಯಾದೆ?

ವೀಣಾ: ಮೆರವಣಿಗೆ ಮಾತು ಒಪ್ಪುತ್ತೇನೆ ಕಿರಣ. ಆದರೆ ವ್ಯಾಪಾರ ಮಾಡುವವರನ್ನೂ ಈ ಮ್ಯೂಸಿಯಂನಲ್ಲಿ ಎಡೆ ಇಡುವವರನ್ನೂ ಒಂದೇ ತಕ್ಕಡಿಗೆ ಹಾಕಬೇಡ. ದೊಡ್ಡಪ್ಪ, ನಮ್ಮದು ಬಾಗಿಲು ಹಾಕುವ ಪದ್ಧತಿ, ಅವರದು ತೆರೆದಿಡುವ ಪದ್ಧತಿ. ನವೆಂಬರ್ 1 ತೀರಿಕೊಂಡ ಮಕ್ಕಳಿಗೆ, 2 ದೊಡ್ಡವರಿಗೆ. ಮೆಕ್ಸಿಕೊದ ಪಾಟ್ಸ್‌ಕ್ವಾರೊ ಸರೋವರದ ಕಡೆ ಸಮಾಧಿಗೆ ಹೂವು, ಮೇಣದಬತ್ತಿ ಇಟ್ಟು ರಾತ್ರಿಯೆಲ್ಲ ಅಲ್ಲೇ ಕೂರುತ್ತಾರೆ.

ಈಗ ನೀವೇ ಹೇಳಿ. ಸಮಾಧಿ ಮೆಕ್ಸಿಕೊದಲ್ಲಿ, ಮಕ್ಕಳು ಚಿಕಾಗೊದಲ್ಲಿ. ಅಮೆರಿಕದಲ್ಲಿ ಇರಲು ಕಾಗದಪತ್ರ ಇಲ್ಲದವರು ಒಮ್ಮೆ ಊರಿಗೆ ಹೋದರೆ ವಾಪಸ್ ಬರೋದು ಕಷ್ಟ. ತಾಯಿ ತೀರಿಹೋದರೂ ಮಣ್ಣಿಗೆ ಹೋಗಲಾಗದವರು ಇದ್ದಾರೆ. ಅವರು ಎಲ್ಲಿ ಕೂತು ನೆನೆಯಬೇಕು? ಬಾಡಿಗೆ ಮನೆಯ ಮೂಲೆಯಲ್ಲಿ ಒಬ್ಬರೇ ಅಳಬೇಕಾ? ತಮ್ಮವರ ನಡುವೆ ಒಂದು ಜಾಗ ಬೇಕು. ಆ ಜಾಗಕ್ಕೆ ಮ್ಯೂಸಿಯಂ ಅಂತ ಬೋರ್ಡ್ ಇದ್ದರೆ ಏನಾಯಿತು?

ಸರೋಜ ಚಿಕ್ಕಮ್ಮ: ನನ್ನ ಅಕ್ಕ ತೀರಿಕೊಂಡಾಗ ಮಗ ದುಬೈನಲ್ಲಿದ್ದ, ಬರೋಕೆ ಆಗಲಿಲ್ಲ. ಇವತ್ತಿಗೂ ಅದನ್ನೇ ಹೇಳ್ತಾನೆ.

ಕಿರಣ: ಸರಿ. ಊರಿಗೆ ಹೋಗಲಾಗದವರ ವಿಷಯ ನಾನು ಯೋಚಿಸಿರಲಿಲ್ಲ. ಆದರೂ ಅಂಗಡಿಯವರು ನುಗ್ಗದ ಹಾಗೆ ನೋಡಿಕೊಳ್ಳಬೇಕು.

ಶಿವಣ್ಣ ದೊಡ್ಡಪ್ಪ: ಮಣ್ಣಿಗೆ ಹೋಗಲಾಗದವರು ಎಲ್ಲಿ ಇಟ್ಟರೂ ಅದು ಎಡೆಯೇ, ಅದರಲ್ಲಿ ಎರಡು ಮಾತಿಲ್ಲ. ಸೆಲ್ಫಿ ಮಾತ್ರ ನಾನು ಒಪ್ಪಲ್ಲ. ಫೋನ್ ಹೊರಗಿಟ್ಟು ಒಳಗೆ ಬನ್ನಿ ಅಂತ ಹೇಳಬೇಕು.

ವೀಣಾ: ಅದು ನನಗೂ ಸರಿ ಅನ್ನಿಸುತ್ತೆ ದೊಡ್ಡಪ್ಪ.

ಸರೋಜ ಚಿಕ್ಕಮ್ಮ: ಮೂರನೇ ಫೋಟೊದ ಬನ್ ಮೇಲೆ ಅಡ್ಡಡ್ಡ ಇಟ್ಟಿರೋದು ಏನು?

ವೀಣಾ: ಅದೂ ಹಿಟ್ಟೇ ಚಿಕ್ಕಮ್ಮ, ಮೂಳೆ ಆಕಾರದಲ್ಲಿ ಹೊಸೆದು ಇಡುತ್ತಾರೆ. ಸತ್ತವರಿಗೆ ಇಡುವ ಬ್ರೆಡ್. ಆಮೇಲೆ ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ.